ಪರದೇಶಿಯ ಮುಂದೆ ಬುತ್ತಿ ಬಿಚ್ಚಿಸುವ ಧನಲಕ್ಷ್ಮಿ

ಧನಲಕ್ಷ್ಮಿಯದು ಸಿಟ್ಟು ಅಂದುಕೊಂಡರೆ ತಪ್ಪು ನೋಡಿ. ಸಿಟ್ಟು ಬರುವುದು ನಮ್ಮ ಸರಿಸಮ ಇರುವವರ ಮೇಲೆ. ಧನಲಕ್ಷ್ಮಿಗೆ ಬರುವುದು ತಾತ್ಸಾರ. ಎದುರಿಗೆ ಕೂತು "ನಮ್ಮ ಕಂಪ್ಯೂಟರಲ್ಲಿ ಓಪನ್ ಆಗುತ್ತಲ್ಲ ಮೇಡಂ" ಅನ್ನುವವರನ್ನು ಕಂಡರೆ ಅವಳು ಕಿರುಚುವುದಿಲ್ಲ, ಎಗರಾಡುವುದಿಲ್ಲ. ಹುರಿದ ಕಡಲೆಬೀಜದ ಸಿಪ್ಪೆ ಊದುವ ಹಾಗೆ ಸಣ್ಣಗೆ ಒಂದು "ಉಫ್" ಅನ್ನುತ್ತಾಳೆ. ಅಷ್ಟೇ. ಆ ಉಫ್‌ಗೆ ಹಾರಿಹೋದ ಎಂಜಿನಿಯರುಗಳು ಶಿವಮೊಗ್ಗದ ತುಂಬಾ ಇದ್ದಾರೆ, ಬೇಕಾದರೆ ಹುಡುಕಿ ಕೇಳಿ.

ಇವಳ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಕೆಳಗಡೆ ಗಂಡ ಪರಮೇಶನ ಮೋಟಾರ್ ರಿವೈಂಡಿಂಗ್ ಅಂಗಡಿ, ಮೇಲ್ಗಡೆ ಇವಳ ರೂಮು. ಕೆಳಗಿನಿಂದ ವಾರ್ನಿಷ್ ವಾಸನೆ ಮೇಲೆ ಬರುತ್ತದೆ, ಮೇಲಿನಿಂದ ಉಫ್ ಕೆಳಗೆ ಇಳಿಯುತ್ತದೆ. ಎಲೆಕ್ಟ್ರಾನಿಕ್ಸಿನಲ್ಲಿ ಬಿ.ಇ. ಮಾಡಿದವಳು. ಕಾಲೇಜಿಗೇ ಮೊದಲು ಬಂದಿದ್ದೆ ಅಂತ ಯಾರೂ ಕೇಳದಿದ್ದರೂ ಹೇಳುತ್ತಾಳೆ. ವಿನಯ ಗಿನಯ ಅವಳ ಮೈಗೆ ಒಗ್ಗಿದ್ದಲ್ಲ.

ಕೆಲಸ ಏನಪ್ಪಾ ಅಂದರೆ ಸರ್ಕ್ಯೂಟ್ ಬೋರ್ಡುಗಳ ಚಿತ್ರ ಬಿಡಿಸುವುದು. ಹಳೇ ಟಿವಿ ಬಿಚ್ಚಿದಾಗ ಒಳಗೆ ಹಸಿರು ಹಲಗೆ ಇರುತ್ತದಲ್ಲ, ಮೇಲೆಲ್ಲ ಸಣ್ಣ ಸಣ್ಣ ಸಾಮಾನು ಕಚ್ಚಿಕೊಂಡಿರುತ್ತದಲ್ಲ, ಅದೇ. ಆ ಹಲಗೆಯ ಮೇಲೆ ಯಾವ ಸಾಮಾನು ಎಲ್ಲಿ ಕೂರಬೇಕು, ತಾಮ್ರದ ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾವ ಮೂಲೆಯಲ್ಲಿ ಏನು ಬರೆದಿರಬೇಕು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬಿಡಿಸಿ ಬೇರೆಯವರಿಗೆ ಕಳಿಸಬೇಕು. ಅವರು ನೋಡಿ, ತಿದ್ದಿ, ತಯಾರು ಮಾಡುತ್ತಾರೆ.

ತಾಪತ್ರಯ ಇರುವುದೇ ಈ ಕಳಿಸುವುದರಲ್ಲಿ. ಬೋರ್ಡು ಬಿಡಿಸುವವರ ಕಂಪ್ಯೂಟರಿನಲ್ಲಿ ಕಪಾಟಿನ ಹಾಗೆ ಒಂದಷ್ಟು ಸಂಗ್ರಹ ಇರುತ್ತದೆ. ರಿಲೇ ಅನ್ನುವ ಸ್ವಿಚ್ಚಿನ ಚಿತ್ರ ಒಂದು ಕಪಾಟಿನಲ್ಲಿ, ಅದರ ಕಾಲುಗಳ ಅಳತೆ ಇನ್ನೊಂದರಲ್ಲಿ. ಸೋಮಾರಿಗಳು ಕಳಿಸುವ ಫೈಲಿನಲ್ಲಿ ಸಾಮಾನು ಇರುವುದಿಲ್ಲ, ಸಾಮಾನಿನ ವಿಳಾಸ ಇರುತ್ತದೆ. "ರಿಲೇ ಬೇಕಾ, ನಮ್ಮನೆ ಕಪಾಟಿನ ಎರಡನೇ ಖಾನೆಯಲ್ಲಿದೆ ತಗೋ" ಅಂದ ಹಾಗೆ. ಅವರ ಮನೆಯಲ್ಲಿ ಸಿಗುತ್ತದೆ, ಸರಿ. ಪಕ್ಕದೂರಿನವನು ತೆರೆದರೆ? ಅವನ ಮನೆಯಲ್ಲಿ ಆ ಕಪಾಟೂ ಇಲ್ಲ, ಖಾನೆಯೂ ಇಲ್ಲ. ಪರದೆ ತುಂಬಾ ಬರೀ ಪ್ರಶ್ನೆಚಿಹ್ನೆ.

ಧನಲಕ್ಷ್ಮಿ ಕಳಿಸುವುದಕ್ಕೆ ಅವಳೇ ಇಟ್ಟ ಹೆಸರು ಬುತ್ತಿ. ಅವಳಪ್ಪ ಮಾರಪ್ಪ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುತ್ತಿದ್ದವರು. ಒಳಗೆ ಹೋದಮೇಲೆ ಪಾಳಿ ಮುಗಿಯುವ ತನಕ ಗೇಟು ತೆರೆಯುತ್ತಿರಲಿಲ್ಲ. ಕ್ಯಾರಿಯರಿಗೆ ಉಪ್ಪು ಹಾಕುವುದು ಮರೆತರೆ ಉಪ್ಪಿಲ್ಲದೆ ಉಣ್ಣಬೇಕು. ಅದಕ್ಕೇ ಅವಳಮ್ಮ ಅನ್ನ, ಸಾರು, ಉಪ್ಪಿನ ಪೊಟ್ಟಣ, ಈರುಳ್ಳಿ, ಕೊನೆಗೆ ಈರುಳ್ಳಿ ಹೆಚ್ಚಲಿಕ್ಕೆ ಮೊಂಡು ಚಾಕುವನ್ನೂ ಇಟ್ಟು ಕಟ್ಟುತ್ತಿದ್ದರು. ಬೋರ್ಡಿನ ಪ್ರಾಜೆಕ್ಟೂ ಹಾಗೇ ಇರಬೇಕು ಅನ್ನುವುದು ಮಗಳ ಮತ. ಎಲ್ಲಿ ಬಿಚ್ಚಿದರೂ ಅಲ್ಲೇ ಊಟ ಮುಗಿಯಬೇಕು, ಪಕ್ಕದವನ ಹತ್ತಿರ ಉಪ್ಪು ಕೇಳಬಾರದು.

ಇದನ್ನು ಪರೀಕ್ಷೆ ಮಾಡಲಿಕ್ಕೆ ಅವಳ ರೂಮಿನ ಮೂಲೆಯಲ್ಲಿ ಒಂದು ಮುದಿ ಕಂಪ್ಯೂಟರ್ ಇದೆ. ಅದರ ಹೆಸರು ಪರದೇಶಿ. ಇಂಟರ್ನೆಟ್ ಇಲ್ಲ, ಕಪಾಟುಗಳಿಲ್ಲ, ಹಿಂದುಮುಂದಿಲ್ಲ. ಬೋರ್ಡು ಬಿಡಿಸುವ ಸಾಫ್ಟ್‌ವೇರ್ ಒಂದು ಬಿಟ್ಟರೆ ಅದಕ್ಕೆ ಏನೇನೂ ಗೊತ್ತಿಲ್ಲ. ಪರಮೇಶ ಮಾತ್ರ ಆಗಾಗ ಮೇಲೆ ಬಂದು "ಊಟಕ್ಕೆ ಹೋಗಿದ್ದೇನೆ, ಈಗ ಬರುತ್ತೇನೆ" ಅಂತ ಅದರಲ್ಲಿ ದಪ್ಪಕ್ಷರದಲ್ಲಿ ಟೈಪು ಮಾಡಿ, ಪ್ರಿಂಟು ತೆಗೆದು, ಅಂಗಡಿ ಬಾಗಿಲಿಗೆ ಅಂಟಿಸುತ್ತಿದ್ದ. ಅದು ಬಿಟ್ಟರೆ ಶುದ್ಧ ಪರದೇಶಿ.

ಯಾರೇ ಪ್ರಾಜೆಕ್ಟು ತರಲಿ, ಮೊದಲು ಪರದೇಶಿಯಲ್ಲಿ ತೆರೆಯಬೇಕು. ತೆರೆದುಕೊಳ್ಳದಿದ್ದರೆ ತಂದವರು ಎದ್ದು ನಿಂತು, ಅದು ಏನೇನು ಸಿಗಲಿಲ್ಲ ಅನ್ನುತ್ತದೋ ಅಷ್ಟನ್ನೂ ಜೋರಾಗಿ ಓದಬೇಕು. ಆಮೇಲೆ ಕೆಳಗಿಳಿದು ಹೋಗಿ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಬೇಕು. ದೊಡ್ಡವರು, ಚಿಕ್ಕವರು, ಶಂಕರಘಟ್ಟದ ಯೂನಿವರ್ಸಿಟಿಯಿಂದ ಬಂದ ಮೇಷ್ಟ್ರು, ಯಾರಿಗೂ ವಿನಾಯ್ತಿ ಇಲ್ಲ.

ಶ್ರೇಯಸ್ ಬಂದದ್ದು ಹೀಗೇ, ಒಂದು ಪೆನ್‌ಡ್ರೈವ್ ಹಿಡಕೊಂಡು.

ಸೋಗಾನೆಯ ಹೊಸ ನಿಲ್ದಾಣಕ್ಕೆ ವಿಮಾನ ಬಂದ ವರ್ಷ ಶಿವಮೊಗ್ಗದಲ್ಲಿ ಸುಮಾರು ಜನಕ್ಕೆ ರೆಕ್ಕೆ ಬಂತು. ಅವರಲ್ಲಿ ಇವನೂ ಒಬ್ಬ. ಸವಳಂಗ ರಸ್ತೆಯಲ್ಲಿ ಗಾಜಿನ ಬಾಗಿಲಿನ ಆಫೀಸು, ಒಳಗೆ ಕೂತರೆ ಏಳಲಿಕ್ಕಾಗದಂಥ ಮೆತ್ತನೆ ಚೀಲದ ಕುರ್ಚಿ, ಗೋಡೆ ಮೇಲೆ ಬಲ್ಬಿನ ಚಿತ್ರ. ಹಳ್ಳಿಗಳ ಕುಡಿಯುವ ನೀರಿನ ಪಂಪಿಗೆ ಕಂಟ್ರೋಲ್ ಪೆಟ್ಟಿಗೆ ಮಾಡಿಕೊಡುವ ಕೆಲಸ ಅವನಿಗೆ ಸಿಕ್ಕಿತ್ತು. ತೊಟ್ಟಿ ತುಂಬಿದರೆ ಮೋಟಾರು ತಾನೇ ನಿಲ್ಲಬೇಕು, ಬಾವಿ ಬತ್ತಿದರೂ ನಿಲ್ಲಬೇಕು. ಪೆಟ್ಟಿಗೆಯ ಒಳಗಿನ ಬೋರ್ಡನ್ನು ತಾನೇ ಬಿಡಿಸಿದ್ದೇನೆ, ಸ್ವಲ್ಪ ಪಾಲಿಶ್ ಮಾಡಿಕೊಡಿ ಅಂತ ಬಂದಿದ್ದ. ಫೋಲ್ಡರಿನ ಹೆಸರು "ಫೈನಲ್ ಫೈನಲ್ ನ್ಯೂ ಟೂ".

ಪರದೇಶಿಯಲ್ಲಿ ತೆರೆದರು. ಪ್ರಶ್ನೆಚಿಹ್ನೆಗಳ ಜಾತ್ರೆ.

"ಓದು" ಅಂದಳು ಧನಲಕ್ಷ್ಮಿ.

"ಏನ್ ಓದ್ಲಿ ಅಕ್ಕ?"

"ಪರದೇಶಿ ಏನಂತಿದೆ ಅದನ್ನ. ಜೋರಾಗಿ ಓದು, ಕೆಳಗಡೆ ಪರಮೇಶಂಗೂ ಕೇಳ್ಬೇಕು."

ಶ್ರೇಯಸ್ ಗಂಟಲು ಸರಿಮಾಡಿಕೊಂಡ. "ರಿಲೇ... ಸಿಗಲಿಲ್ಲ. ಕನೆಕ್ಟರ್... ಸಿಗಲಿಲ್ಲ. ಫ್ಯೂಸ್ ಹೋಲ್ಡರ್... ಸಿಗಲಿಲ್ಲ."

ಕೆಳಗಿನಿಂದ ಪರಮೇಶನ ದನಿ ಬಂತು. "ಏನಾದ್ರೂ ಒಂದು ಸಿಕ್ತೇನಪ್ಪಾ?"

"ಬಾರ್ಡರ್ ಸಿಕ್ತು ಅಣ್ಣ."

"ಪರವಾಗಿಲ್ಲ ಬಿಡು, ಫೋಟೋಕ್ಕೆ ಕಟ್ಟು ಹಾಕ್ಸಬೋದು."

"ಆದ್ರೆ ನನ್ನ ಲ್ಯಾಪ್‌ಟಾಪಲ್ಲಿ ಎಲ್ಲಾ ಬರುತ್ತೆ ಅಕ್ಕ, ಪ್ರಾಮಿಸ್" ಅಂದ ಶ್ರೇಯಸ್.

ಉಫ್. "ಹಸೆಮಣೆ ಮೇಲೆ ಕೂತ್ಕೊಂಡು, ತಾಳಿ ನಮ್ಮನೆ ಬೀರುವಲ್ಲಿದೆ, ಅಡ್ರೆಸ್ ಬರ್ಕೊಳ್ಳಿ ಅಂದಂಗಾಯ್ತು. ಹೋಗು, ಮಂಡಕ್ಕಿ ತಗೊಂಬಾ. ನಂಗೆ ಖಾರ ಜಾಸ್ತಿ ಹಾಕ್ಸು."

ಅವನ ಚಿತ್ರದಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಧನಲಕ್ಷ್ಮಿ ಮೊದಲಿನಿಂದ ತಾನೇ ಬಿಡಿಸಿದಳು. ಬಿಡಿಸುವಾಗ ಒಂದು ಕೆಲಸ ಮಾಡಿದಳು. ಬೋರ್ಡಿನ ಮೇಲಿನ ಬರಹವನ್ನೆಲ್ಲ ಕನ್ನಡದಲ್ಲಿ ಹಾಕಿದಳು. ವೈರು ಸಿಕ್ಕಿಸುವ ಜಾಗಗಳ ಪಕ್ಕ "ಬಾವಿ", "ತೊಟ್ಟಿ", "ಮೋಟಾರ್". ಜೋರು ಕರೆಂಟು ಇರುವ ಕಡೆ ದೊಡ್ಡದಾಗಿ "ಮುಟ್ಟಬೇಡಿ".

ಇದಕ್ಕೆ ಕಾರಣ ಮಾಸ್ತಮ್ಮ. ಜನ್ನಾಪುರದ ಆಚೆ ತಗಡಿನ ಶೆಡ್ಡೊಂದರಲ್ಲಿ ಮಾಸ್ತಮ್ಮ ಮತ್ತು ಅವಳ ಜೊತೆಯ ಹೆಂಗಸರು ಇಂಥ ಪೆಟ್ಟಿಗೆಗಳಿಗೆ ವೈರು ಕಟ್ಟುತ್ತಾರೆ, ಶ್ರೇಯಸ್‌ನ ಪೆಟ್ಟಿಗೆಗಳೂ ಅಲ್ಲಿಗೇ ಬರಬೇಕು. ಕಾರ್ಖಾನೆಗಳ ಗೇಟು ಒಂದೊಂದಾಗಿ ಮುಚ್ಚಿದಮೇಲೆ ಆ ಬೀದಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಶೆಡ್ಡಿನಿಂದಲೇ. ಕನ್ನಡ ಪೇಪರನ್ನು ಸಿನಿಮಾ ಜಾಹೀರಾತಿನ ತನಕ ಬಿಡದೆ ಓದುವ ಹೆಂಗಸರು ಅವರು. ಇಂಗ್ಲೀಷಾದರೆ ಅಕ್ಷರ ಅಕ್ಷರ ಕೂಡಿಸಿ ಓದಬೇಕು. ಕೆಲಸ ನಿಧಾನ ಆಗುತ್ತದೆ, ತಪ್ಪಾಗುತ್ತದೆ.

ಬೋರ್ಡಿನ ಚಿತ್ರ ತೋರಿಸಲು ಧನಲಕ್ಷ್ಮಿ ಶ್ರೇಯಸ್‌ನನ್ನು ಆ ಶೆಡ್ಡಿಗೇ ಕರೆಸಿದಳು. ಅವನು ಚಿತ್ರ ನೋಡಿ ಮುಖ ಹುಳ್ಳಗೆ ಮಾಡಿದ.

"ಏನಕ್ಕ ಇದು, ಬಸ್‌ಸ್ಟ್ಯಾಂಡ್ ಬೋರ್ಡ್ ಥರ ಇದೆ. ಇಂಗ್ಲೀಷಲ್ಲಿದ್ರೆ ಪ್ರೊಫೆಷನಲ್ ಆಗಿರುತ್ತೆ."

"ಹಳ್ಳಿ ನೀರುಗಂಟಿ ಪೆಟ್ಟಿಗೆ ಬಾಗಿಲು ತೆಗೆದು ಪ್ರೊಫೆಷನಲ್ ಆಗಿ ಕೈ ಸುಟ್ಕೊಳ್ಳಿ ಅಂತೀಯಾ?"

"ಅದಲ್ಲ ಅಕ್ಕ. ಕನ್ನಡ ಹಾಕಿದ್ರೆ ಬೋರ್ಡ್ ಮಾಡೋ ಕಡೆ, ಕೊಯಮತ್ತೂರಲ್ಲಿ, ಸರಿಯಾಗಿ ಓಪನ್ ಆಗಲ್ಲ. ಇಂಗ್ಲೀಷ್ ಮಾಡ್ಬಿಡಿ. ವೈರಿಂಗ್‌ನ ನಾನು ಶಿವಮೊಗ್ಗದಲ್ಲೇ ಟ್ರೈನ್ಡ್ ಹುಡುಗರ ಹತ್ರ ಮಾಡಿಸ್ಕೊತೀನಿ."

ಮಾಸ್ತಮ್ಮ ಕೈಯಲ್ಲಿದ್ದ ಕಟ್ಟರು ಕೆಳಗಿಟ್ಟಳು. "ನಮಗೇನು ಕೈ ಇಲ್ವಾ ಮಾರಾಯ? ಅವ್ರು ಟ್ರೈನ್ಡು, ನಾವೇನು ಗೂಡ್ಸು?"

ಹೆಂಗಸರು ನಕ್ಕರು. ಶ್ರೇಯಸ್ ನಗಲಿಲ್ಲ. ಕೆಲಸ ಅವನದು, ಮಾತು ಅವನದೇ ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ಆದರೆ ಧನಲಕ್ಷ್ಮಿಗೆ ಚುಚ್ಚಿದ್ದು ಬೇರೆ ಮಾತು. ಕೊಯಮತ್ತೂರಲ್ಲಿ ಓಪನ್ ಆಗಲ್ಲ! ತನ್ನ ಬುತ್ತಿ! ಬೋರ್ಡು ತಯಾರು ಮಾಡುವುದು ಕೊಯಮತ್ತೂರಿನ ಒಂದು ಸಣ್ಣ ಫ್ಯಾಕ್ಟರಿ. ಅಲ್ಲಿನ ಎಂಜಿನಿಯರ್ ಇವಳ ಪ್ರಾಜೆಕ್ಟನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು, ತನ್ನ ಹತ್ತಿರ ಇರುವ ಕನೆಕ್ಟರುಗಳಿಗೆ ತಕ್ಕ ಹಾಗೆ ಅಲ್ಲಲ್ಲಿ ತಿದ್ದಿ, ಆಮೇಲೆ ಮಷೀನಿಗೆ ಕೊಡಬೇಕಿತ್ತು. ಬರೀ ಚಿತ್ರ ಕಳಿಸಿದರೆ ತಿದ್ದಲಿಕ್ಕಾಗುವುದಿಲ್ಲ, ಇಡೀ ಬುತ್ತಿಯೇ ಬೇಕು.

"ಕೇಳು ಇಲ್ಲಿ" ಅಂದಳು. "ನನ್ನ ಬುತ್ತಿ ಕೊಯಮತ್ತೂರಲ್ಲಿ ಬಿಚ್ಚಿದ್ರೂ ಅಷ್ಟೇ, ಚಂದ್ರಲೋಕದಲ್ಲಿ ಬಿಚ್ಚಿದ್ರೂ ಅಷ್ಟೇ. ಒಂದೇ ಒಂದು ಅಕ್ಷರ ಹೆಚ್ಚುಕಮ್ಮಿ ಆಗ್ಲಿ, ನಿನ್ನಿಷ್ಟದ ಇಂಗ್ಲೀಷೇ ಹಾಕ್ಕೋ. ವೈರಿಂಗೂ ತಗೊಂಡೋಗು. ನಾನು ತುಟಿ ಬಿಚ್ಚಲ್ಲ."

"ಮಾತು?"

"ಮಾತು."

ಶ್ರೇಯಸ್ ಕಾರು ಹತ್ತಿ ಹೋದಮೇಲೆ ಮಾಸ್ತಮ್ಮ ಕೆಳಗಿಟ್ಟಿದ್ದ ಕಟ್ಟರು ಮತ್ತೆ ಕೈಗೆತ್ತಿಕೊಂಡಳು. ಆಮೇಲೆ ಕೇಳಿದಳು. "ಅಲ್ಲ ಧನಕ್ಕ, ಬುತ್ತಿ ನಿಂದು, ಬಾಯಿ ನಿಂದು. ಪಣಕ್ಕಿಟ್ಟಿದ್ದು ನಮ್ಮ ಕೆಲಸ. ನಮ್ಮನ್ನ ಒಂದು ಮಾತು ಕೇಳಿದ್ಯಾ?"

"ಕೇಳೋದೇನೇ? ಸೋತ್ರೆ ತಾನೇ."

ಆವತ್ತೇ ಪ್ರಾಜೆಕ್ಟನ್ನು ಪರದೇಶಿಯಲ್ಲಿ ತೆರೆದು ನೋಡಿದಳು. ರಿಲೇ ಇತ್ತು, ಕನೆಕ್ಟರ್ ಇತ್ತು, ಕನ್ನಡ ಅಕ್ಷರಗಳು ಮಲ್ಲಿಗೆ ಪೋಣಿಸಿದ ಹಾಗೆ ಇದ್ದವು. ಕೊಯಮತ್ತೂರಿಗೆ ಕಳಿಸಿ ಹಾಯಾಗಿ ಊಟ ಮಾಡಿದಳು. ಮೊದಲು ಮಾದರಿ ಬೋರ್ಡುಗಳು ಬರಬೇಕು, ಅವು ಸರಿಯಿದ್ದರೆ ಆಮೇಲೆ ಪೂರ್ತಿ ಸರಕು.

ಮಾದರಿ ಬಂದ ದಿನ ಧನಲಕ್ಷ್ಮಿ ಪಾರ್ಸಲನ್ನು ತನ್ನ ರೂಮಿನಲ್ಲಿ ಬಿಚ್ಚಲಿಲ್ಲ. ಶ್ರೇಯಸ್‌ನನ್ನು ಮತ್ತೆ ಶೆಡ್ಡಿಗೆ ಕರೆಸಿ, ಎಲ್ಲರ ಮುಂದೆ ಬಿಚ್ಚಿಸಿದಳು. ಅವನ ಮುಖ ಬಾಡುವುದನ್ನು ಎಲ್ಲರೂ ನೋಡಲಿ ಅಂತ. ಜಂಭ ಅಂದರೆ ಹಾಗಿರಬೇಕು.

ಗುಳ್ಳೆ ಪ್ಲಾಸ್ಟಿಕ್ಕು ಬಿಚ್ಚಿ ಬೋರ್ಡನ್ನು ಮಾಸ್ತಮ್ಮನ ಕೈಗೆ ಕೊಟ್ಟರು. ಮಾಸ್ತಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು. ತಿರುಗಿಸಿ ನೋಡಿದಳು. ತಲೆಕೆಳಗು ಮಾಡಿ ನೋಡಿದಳು.

"ಧನಕ್ಕ, ಇದು ಯಾವ ದೇವರ ಯಂತ್ರ?"

"ಮುಟ್ಟಬೇಡಿ" ಇರಬೇಕಾದ ಜಾಗದಲ್ಲಿ, ಅಚ್ಚುಕಟ್ಟಾಗಿ, ಬೆಳ್ಳಗೆ ಹೀಗೆ ಅಚ್ಚಾಗಿತ್ತು: ªÀÄÄlÖ¨ÉÃr.

ನೀವು ಕರ್ನಾಟಕದಲ್ಲಿ ಕಂಪ್ಯೂಟರ್ ಮುಟ್ಟಿದವರಾದರೆ ಈಗಲೇ ಹಣೆ ಚಚ್ಚಿಕೊಂಡಿರುತ್ತೀರಿ. ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ನುಡಿ ಇಲ್ಲದ ಕಡೆ ತೆರೆದರೆ ಕಾಣುವ ಕೊಂಬು, ಕಿರೀಟ, ಚುಕ್ಕಿಗಳ ಆ ಮೆರವಣಿಗೆ ನಮಗೆಲ್ಲ ಗೊತ್ತು. ಕೊಯಮತ್ತೂರಿನವನಿಗೆ ಹೇಗೆ ಗೊತ್ತಾಗಬೇಕು?

ಧನಲಕ್ಷ್ಮಿ ಅಲ್ಲಿಂದಲೇ ಅವನಿಗೆ ಫೋನು ಮಾಡಿದಳು. ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ತಮಿಳರ ನಡುವೆ ಬೆಳೆದವಳು, ತಮಿಳು ನೀರು ಕುಡಿದ ಹಾಗೆ ಬರುತ್ತದೆ. ವಿಷಯ ಹೇಳಿದರೆ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಅಕ್ಕಾ, ಕನ್ನಡಂ ಇಪ್ಪಡಿದಾನೇ ಇರುಕ್ಕುಂ?"

ಕನ್ನಡ ಅಂದರೆ ಹೀಗೇ ತಾನೇ ಇರುವುದು, ಅಂತ. ಪಾಪ, ಅವನು ಗೌರವದಿಂದಲೇ ಅಚ್ಚು ಹಾಕಿಸಿದ್ದ. ಒಂದು ಚುಕ್ಕಿಯನ್ನೂ ಬಿಟ್ಟಿರಲಿಲ್ಲ.

ಶ್ರೇಯಸ್ ನಕ್ಕಿದ್ದು ನೋಡಬೇಕಿತ್ತು. ತಗಡು ನಡುಗಿತು. "ಅಕ್ಕ, ಓದಿ ಅಕ್ಕ. ಜೋರಾಗಿ ಓದಿ. ಪರಮೇಶಣ್ಣಂಗೂ ಕೇಳ್ಬೇಕು."

ಹೆಂಗಸರು ಯಾರೂ ನಗಲಿಲ್ಲ. ಅವರ ಕಣ್ಣೆಲ್ಲ ಬೋರ್ಡಿನ ಮೇಲಿರಲಿಲ್ಲ, ಧನಲಕ್ಷ್ಮಿಯ ಮೇಲಿತ್ತು. ಮಾಸ್ತಮ್ಮ ಬೋರ್ಡನ್ನು ಮತ್ತೆ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅವಳ ಮಡಿಲಿಗೆ ಇಟ್ಟಳು, ಕೂಸನ್ನು ವಾಪಸು ಕೊಟ್ಟ ಹಾಗೆ. ಬೈದಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದವಳೇ ಪರದೇಶಿಯ ಮುಂದೆ ಕೂತಳು. ಅಕ್ಷರ ಈಗಲೂ ಮಲ್ಲಿಗೆಯ ಹಾಗೇ ಇತ್ತು. ಯಾಕೆ ಅಂತ ಹೊಳೆಯಲಿಕ್ಕೆ ತುಂಬಾ ಹೊತ್ತೇನೂ ಬೇಕಾಗಲಿಲ್ಲ. ಪರಮೇಶ ಅದೇ ಹೊತ್ತಿಗೆ ಮೇಲೆ ಬಂದು, "ಸ್ವಲ್ಪ ಏಳೇ, ಊಟದ ಚೀಟಿ ಹರಿದೋಗಿದೆ, ಇನ್ನೊಂದು ಟೈಪ್ ಮಾಡ್ಬೇಕು" ಅಂದ.

ಯಾವ ಅಕ್ಷರದಲ್ಲಿ ಟೈಪು ಮಾಡುತ್ತಾನೆ? ಇವಳ ಹಾಗೇ ನುಡಿಯಲ್ಲಿ. ನಮ್ಮಲ್ಲಿ ಕಂಪ್ಯೂಟರು ಮನೆಗೆ ಬಂದರೆ ಅರಿಶಿನ ಕುಂಕುಮ ಹಚ್ಚುವ ಮೊದಲೇ ನುಡಿ ಹಾಕುತ್ತೇವೆ. ಅದನ್ನು ಹೊರಗಿನ ಸಾಮಾನು ಅಂತ ಯಾರಾದರೂ ಲೆಕ್ಕ ಇಡುತ್ತಾರಾ? ಹೊಸ ಮನೆಗೆ ಹೋದಾಗ ಗಾಳಿಯನ್ನೂ ಕಟ್ಟಿಕೊಂಡು ಹೋಗಬೇಕು ಅಂತ ಯಾರಿಗೆ ತೋಚುತ್ತದೆ? ರಿಲೇ ಕಟ್ಟಿದಳು, ಕನೆಕ್ಟರ್ ಕಟ್ಟಿದಳು, ಮೊಂಡು ಚಾಕುವನ್ನೂ ಕಟ್ಟಿದಳು, ಅಕ್ಷರ ಕಟ್ಟಲಿಲ್ಲ. ಪರದೇಶಿ ಅಂತ ಕರೆದ ಮಷೀನು ಪರದೇಶದ್ದೇ ಆಗಿರಲಿಲ್ಲ, ಅಪ್ಪಟ ಜನ್ನಾಪುರದ್ದು.

"ಊರವರ ಎಲೇಲಿ ನೊಣ ಹುಡುಕ್ತಿದ್ದೆ ನೋಡು" ಅಂದಳು ಗಂಡನಿಗೆ, "ನನ್ನ ಎಲೇಲಿ ಹೆಗ್ಗಣ ಬಿದ್ಕೊಂಡಿತ್ತು." ಹಾಗಂದು ತನಗೆ ತಾನೇ ಒಂದು ಉಫ್ ಹೇಳಿಕೊಂಡಳು. ಶ್ರೇಯಸ್‌ಗೆ ಹೇಳಿದ್ದಕ್ಕಿಂತ ಜೋರಾಗಿ.

ಪರಮೇಶ ಸಮಾಧಾನ ಮಾಡಲು ನೋಡಿದ. "ಅಕ್ಷರ ತಾನೇ, ಏನ್ಮಹಾ."

"ಶ್ರೇಯಸ್ಸೂ ಹಂಗೇ ಅಂತಾನೆ, ರಿಲೇ ತಾನೇ ಅಂತ."

ಎದ್ದು ನಿಂತು, ಖಾಲಿ ರೂಮಿನಲ್ಲಿ, ಪರದೇಶಿಯ ಮುಂದೆ ಜೋರಾಗಿ ಹೇಳಿದಳು: "ಅಕ್ಷರ... ಸಿಗಲಿಲ್ಲ." ಆಮೇಲೆ ಕೆಳಗಿಳಿದು ಹೋಗಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಶೆಡ್ಡಿಗೆ ನಡೆದಳು. ಹೆಂಗಸರು ತಿಂದರು. ಮಾಸ್ತಮ್ಮ ಪೊಟ್ಟಣ ಮುಟ್ಟಲಿಲ್ಲ.

"ನಾನು ಹೇಳಿದ್ದು ತಪ್ಪು" ಅಂದಳು ಧನಲಕ್ಷ್ಮಿ. "ನಿಮ್ಮನ್ನ ಕೇಳ್ದೆ ಪಣ ಇಟ್ಟಿದ್ದು ಇನ್ನೂ ತಪ್ಪು."

"ಈಗ ಮಾತು ಹಿಂದಕ್ಕೆ ತಗೊಂತೀಯಾ?"

"ಕೊಟ್ಟ ಮಾತು ಹೆಂಗೆ ತಗೊಳ್ಳೋದು ಮಾಸ್ತಮ್ಮ?"

"ಹಂಗಾದ್ರೆ ಮಂಡಕ್ಕಿ ತಗೊಂಡೋಗು."

ಶ್ರೇಯಸ್ ಮಾತ್ರ ಭಾರೀ ಉಮೇದಿನಲ್ಲಿದ್ದ. ಇನ್ನುಮೇಲೆ ಫೈಲು ಕಳಿಸುವುದೂ ತಾನೇ, ಇಂಗ್ಲೀಷ್ ಮಾಡುವುದೂ ತಾನೇ ಅಂದ. ಧನಲಕ್ಷ್ಮಿಯ ಪ್ರಾಜೆಕ್ಟನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋದ. ಕನ್ನಡ ತೆಗೆದು ಇಂಗ್ಲೀಷ್ ಹಾಕಿ ಸುಮ್ಮನಿದ್ದಿದ್ದರೆ ಗೆದ್ದುಬಿಡುತ್ತಿದ್ದ ನೋಡಿ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಬುತ್ತಿಯೊಳಗೆ ಅವಳು ಕಟ್ಟಿಟ್ಟ ರಿಲೇ ತೆಗೆದು ತನ್ನ ಕಪಾಟಿನ ರಿಲೇ ಹಾಕಿದ, ಅವಳ ಕನೆಕ್ಟರ್ ತೆಗೆದು ತನ್ನದು ಹಾಕಿದ. ಬೋರ್ಡು ತಾನು ಬಿಡಿಸಿದ್ದು ಅಂತ ಆಫೀಸಿಗೆ ಬಂದವರಿಗೆ ತೋರಿಸಬೇಕಲ್ಲ. ಆ ಕಪಾಟಾದರೂ ಎಲ್ಲಿತ್ತು? ಮನೆಯ ಇನ್ನೊಂದು ಕಂಪ್ಯೂಟರಿನ ಡಿ ಡ್ರೈವಿನಲ್ಲಿ. ಮತ್ತೆ ಸಾಮಾನು ಹೋಗಿ ವಿಳಾಸ ಬಂತು. ಫೈಲಿಗೆ "ಫೈನಲ್ ಇಂಗ್ಲೀಷ್ ಫೈನಲ್" ಅಂತ ಹೆಸರಿಟ್ಟು ಕಳಿಸಿಬಿಟ್ಟ.

ಕೊಯಮತ್ತೂರಿನವನು ಧನಲಕ್ಷ್ಮಿಗೇ ಫೋನು ಮಾಡಿದ. ನಿಮ್ಮದು ತೆರೆಯುತ್ತದೆ, ಅಕ್ಷರ ವಿಚಿತ್ರ. ಅವರದು ತೆರೆಯುವುದೇ ಇಲ್ಲ. ನಾನು ಯಾವುದನ್ನು ಮಾಡಲಿ? ಬೇಸಿಗೆಗೆ ಮೊದಲು ಪೆಟ್ಟಿಗೆ ಹಳ್ಳಿಗೆ ಹೋಗಬೇಕು ಅಂತೀರಿ, ಮಷೀನು ಖಾಲಿ ಇರುವುದು ಈ ವಾರ ಮಾತ್ರ.

"ನನ್ನ ಕೇಳ್ಬೇಡ" ಅಂದಳು. "ನಾನು ತುಟಿ ಬಿಚ್ಚಲ್ಲ ಅಂತ ಮಾತು ಕೊಟ್ಟಿದೀನಿ. ಅವನಿಗೇ ಕೇಳು."

ಮಾರನೇ ದಿನವೇ ಶ್ರೇಯಸ್ ಜನ್ನಾಪುರದ ಮೆಟ್ಟಿಲು ಹತ್ತಿದ. ಈ ಸಲ ಕೈಯಲ್ಲಿ ಮಂಡಕ್ಕಿ ಪೊಟ್ಟಣ ಮೊದಲೇ ಇತ್ತು, ಬುದ್ಧಿ ಅಷ್ಟಾದರೂ ಬೆಳೆದಿತ್ತು. ಅವನೇ ಹೋಗಿ ಪರದೇಶಿಯ ಮುಂದೆ ಕೂತು, ತನ್ನದನ್ನು ತೆರೆದು, ಹೇಳಿಸಿಕೊಳ್ಳದೆ ಓದತೊಡಗಿದ.

"ರಿಲೇ ಸಿಗಲಿಲ್ಲ. ಕನೆಕ್ಟರ್ ಸಿಗಲಿಲ್ಲ."

"ಹೋಗಿ ತಗೊಂಬಾ ಮತ್ತೆ."

"ಮನೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸ್ಬಿಟ್ಟೆ ಅಕ್ಕ, ಎಲ್ಲಾ ಅಳ್ಸೋಯ್ತು. ಸ್ಲೋ ಆಗಿತ್ತು."

ಉಫ್ ಕೂಡ ಬರಲಿಲ್ಲ ಅವಳಿಗೆ. ಉಫ್ ಅನ್ನಲಿಕ್ಕೂ ಎದುರಿಗೆ ಏನಾದರೂ ಇರಬೇಕಲ್ಲ.

"ನಿಮ್ದೇ ಕಳಿಸ್ಬಿಡಿ ಅಕ್ಕ. ಕನ್ನಡವೋ ಪನ್ನಡವೋ, ಓಪನ್ ಆದ್ರೆ ಸಾಕು. ಮಷೀನ್ ತಪ್ಪಿದ್ರೆ ಪಂಚಾಯ್ತಿಯೋರು ನನ್ನ ಬಾವಿಗೆ ಇಳಿಸ್ತಾರೆ."

"ನನ್ನ ಕೇಳಿದ್ರೆ ಆಗಲ್ಲ. ಕೆಲಸ ಅವರದ್ದು. ಬಾ, ಅವರನ್ನ ಕೇಳು."

ಇಬ್ಬರೂ ಶೆಡ್ಡಿಗೆ ಹೋದರು. ಮೆತ್ತನೆ ಚೀಲದ ಮೇಲೆ ಕೂರುವವನು ವೈರಿನ ಉರುಳೆಯ ಮೇಲೆ ಕೂತು ಮಾಸ್ತಮ್ಮನನ್ನು ಕೇಳಿಕೊಂಡ. ಕನ್ನಡದಲ್ಲೇ ಮಾಡಿಸೋಣ, ವೈರಿಂಗ್ ನಿಮ್ಮದೇ, ಒಪ್ಪಿಕೊಳ್ಳಿ ಅಂತ. ಮಾಸ್ತಮ್ಮ ಅವನ ಕಡೆ ನೋಡಲೂ ಇಲ್ಲ. ಧನಲಕ್ಷ್ಮಿಯನ್ನು ಕೇಳಿದಳು.

"ಈ ಸಲ ಅಕ್ಷರ ಬರುತ್ತಾ?"

"ಪರದೇಶಿಯಿಂದ ನುಡಿ ಕಿತ್ತಾಕಿದೆ. ಕಿತ್ತ ತಕ್ಷಣ ಅಲ್ಲೂ ಅದೇ ಯಂತ್ರ ಮಂತ್ರ ಕಾಣಿಸ್ತು. ಆಮೇಲೆ ಅಕ್ಷರಾನೂ ಬುತ್ತಿ ಒಳಗೇ ಕಟ್ಟಿದೀನಿ. ಈ ಸಾಫ್ಟ್‌ವೇರಲ್ಲಿ ಅದಕ್ಕೆ ಒಂದು ಟಿಕ್ ಹಾಕೋ ಜಾಗ ಇದೆ, ನಾನು ಯಾವತ್ತೂ ಅತ್ತ ಕಣ್ಣೇ ಹಾಯಿಸಿರ್ಲಿಲ್ಲ. ಈಗ ಪರದೇಶೀಲಿ ಚೆನ್ನಾಗಿ ಬರ್ತಿದೆ."

"ಪರದೇಶಿ ನಿಮ್ಮನೇದಲ್ವಾ?"

"ಹೂಂ."

"ಮನೆ ನಾಯಿ ಬೊಗಳ್ಳಿಲ್ಲ ಅಂತ ಕಳ್ಳ ಬಂದಿಲ್ಲ ಅನ್ನಕ್ಕಾಗುತ್ತಾ ಧನಕ್ಕ? ಆಚೆಯವನ ಮನೇಲಿ ಬಿಚ್ಚಿಸು. ಬಿಚ್ಚಿದ್ದನ್ನ ಫೋಟೋ ತೆಗೆದು ನನ್ನ ಫೋನಿಗೆ ಕಳಿಸ್ಲಿ. ನಾನು ಓದ್ತೀನಿ. ಓದಕ್ಕಾದ್ರೆ ಮಷೀನಿಗೆ ಹಾಕ್ಲಿ, ಆಗ್ದಿದ್ರೆ ಬೇಡ."

ಧನಲಕ್ಷ್ಮಿ ಅಲ್ಲೇ ಫೋನಿನಲ್ಲಿ ತಮಿಳಿನಲ್ಲಿ ಹೇಳಿದಳು, ಬುತ್ತಿ ಕಳಿಸಿದಳು. ಆಮೇಲೆ ಕಾಯಬೇಕಾಯಿತು. ಯಾರೂ ವೈರು ಮುಟ್ಟಲಿಲ್ಲ. ತಗಡಿನ ಮೇಲೆ ಕಾಗೆಯೊಂದು ಟಕಟಕ ಓಡಾಡುತ್ತಿತ್ತು, ಅದರ ಕಾಲಿನ ಸದ್ದೂ ಕೇಳುತ್ತಿತ್ತು. ತನ್ನ ಕೆಲಸವನ್ನು ಬೇರೊಬ್ಬರು ಬಿಚ್ಚುವಾಗ ಕಾಯುವುದು ಹೇಗಿರುತ್ತದೆ ಅನ್ನುವುದು ಧನಲಕ್ಷ್ಮಿಗೆ ಗೊತ್ತಾದದ್ದು ಆವತ್ತೇ. ಅಲ್ಲಿಯವರೆಗೆ ಬೇರೆಯವರನ್ನಷ್ಟೇ ಕಾಯಿಸಿದ್ದಳು.

ಮಾಸ್ತಮ್ಮನ ಫೋನು ಟಿಣ್ ಅಂದ ತಕ್ಷಣ ಶ್ರೇಯಸ್ ಎದ್ದೇ ನಿಂತ. ಮಾಸ್ತಮ್ಮ ಅವಸರ ಮಾಡಲಿಲ್ಲ. ಕೈ ಒರೆಸಿಕೊಂಡಳು, ಕನ್ನಡಕ ಏರಿಸಿಕೊಂಡಳು, ಫೋಟೋವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿದಳು.

"ಬಾವಿ" ಅಂದಳು.

ಶ್ರೇಯಸ್ ಅವಳ ಭುಜದ ಮೇಲಿಂದ ಇಣುಕಿದ.

"ತೊಟ್ಟಿ... ಮೋಟಾರ್..." ಫೋಟೋವನ್ನು ಪಕ್ಕಕ್ಕೆ ಸರಿಸಿದಳು. ಸ್ವಲ್ಪ ತಡೆದಳು. ಬೇಕೆಂದೇ ತಡೆದಳು, ಅವಳಿಗೂ ಒಂದು ಸೇಡು ಬೇಡವಾ? "ಮುಟ್ಟಬೇಡಿ."

ಶೆಡ್ಡಿಗೆ ಶೆಡ್ಡೇ ಹೋ ಅಂದಿತು. ಮಾಸ್ತಮ್ಮ ಶ್ರೇಯಸ್ ತಂದಿದ್ದ ಪೊಟ್ಟಣ ಬಿಚ್ಚಿ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಧನಲಕ್ಷ್ಮಿಗೆ ಹೇಳಿದಳು. "ಇನ್ನೊಂದು ಸಲ ನಮ್ಮ ಕೆಲಸ ಪಣಕ್ಕಿಟ್ಟೆ ಅಂದ್ರೆ ನಿನ್ನ ಪರದೇಶೀನ ಗುಜರಿಗೆ ಹಾಕ್ತೀನಿ."

"ಪರಮೇಶನ್ನೂ ಹಾಕು ಜೊತೆಗೆ" ಅಂದಳು ಧನಲಕ್ಷ್ಮಿ.

ಈಗ ಆ ಪೆಟ್ಟಿಗೆಗಳು ಹಳ್ಳಿಗಳಲ್ಲಿ ಓಡುತ್ತಿವೆ. ವೈರಿಂಗ್ ಶೆಡ್ಡಿನಲ್ಲೇ ಆಯಿತು. ಶ್ರೇಯಸ್ ತನ್ನ ಗಾಜಿನ ಆಫೀಸಿನಲ್ಲಿ ಆ ಬೋರ್ಡಿನ ದೊಡ್ಡ ಫೋಟೋ ಹಾಕಿಕೊಂಡಿದ್ದಾನೆ, ಕೆಳಗೆ "ನಮ್ಮ ಹೆಮ್ಮೆಯ ಕನ್ನಡ ವಿನ್ಯಾಸ" ಅಂತ ಬರೆಸಿಕೊಂಡಿದ್ದಾನೆ. ಧನಲಕ್ಷ್ಮಿಗೆ ಯಾರೋ ಬಂದು ಹೇಳಿದರು. ಉಫ್ ಅಂದಳು.

ಪರಮೇಶ ಈಗ ಊಟದ ಚೀಟಿಯನ್ನು ಕೈಯಲ್ಲೇ ಬರೆಯುತ್ತಾನೆ. ಯಂತ್ರ ಮಂತ್ರದ ಆ ಮಾದರಿ ಬೋರ್ಡನ್ನು ಅವಳು ಎಸೆದಿಲ್ಲ, ಪರದೇಶಿಯ ನೆತ್ತಿಯ ಮೇಲೆ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾಳೆ. ಬಂದವರು ತಮ್ಮ ಪ್ರಾಜೆಕ್ಟು ತೆರೆಯುವ ಮೊದಲು ಅದನ್ನು ಓದಲು ನೋಡಬೇಕು. ತಡವರಿಸಿದರೆ "ಅದು ನಂದೇ" ಅನ್ನುತ್ತಾಳೆ. ಆಮೇಲೆ "ಈಗ ನಿಂದು ತೆಗಿ" ಅನ್ನುತ್ತಾಳೆ. ತಾತ್ಸಾರ ಒಂದು ಚೂರೂ ಕಮ್ಮಿಯಾಗಿಲ್ಲ, ಸಾಲಿನಲ್ಲಿ ಮೊದಲು ತಾನು ನಿಲ್ಲುತ್ತಾಳೆ, ಅಷ್ಟೇ ವ್ಯತ್ಯಾಸ. ಪರದೇಶಿ ಪಾಸು ಮಾಡಿದರೂ ಸಾಲದು ಈಗ, ಆಚೆ ಊರಿನವನು ಬಿಚ್ಚಿ ಫೋಟೋ ಕಳಿಸಬೇಕು, ಅದನ್ನು ಮಾಸ್ತಮ್ಮ ಓದಬೇಕು.

ನೀವೂ ಒಮ್ಮೆ ಹೋಗಿ ಬನ್ನಿ ಮಾರಾಯ್ರೇ. ಭದ್ರಾವತಿಯಲ್ಲಿ ಇಳಿದು ಜನ್ನಾಪುರದ ಆಟೋ ಹತ್ತಿ, ರಿವೈಂಡಿಂಗ್ ಪರಮೇಶನ ಅಂಗಡಿ ಅಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಬಾಗಿಲಲ್ಲಿ "ಊಟಕ್ಕೆ ಹೋಗಿದ್ದೇನೆ" ಅಂತಿದ್ದರೆ ನಂಬಬೇಡಿ, ಸೀದಾ ಮೆಟ್ಟಿಲು ಹತ್ತಿ. ಬೋರ್ಡು ಬಿಡಿಸುವವರೇ ಆಗಿರಬೇಕು ಅಂತೇನಿಲ್ಲ. ಆದರೆ ಪೆನ್‌ಡ್ರೈವ್ ಇದ್ದರೆ "ನಮ್ಮನೇಲಿ ಓಪನ್ ಆಗುತ್ತೆ" ಅನ್ನುವ ಮಾತನ್ನು ಮಾತ್ರ ಬಸ್ಸಿನಲ್ಲೇ ಬಿಟ್ಟು ಇಳಿಯಿರಿ. ಹೋಗುವಾಗಲೇ ಮಂಡಕ್ಕಿ ಕಟ್ಟಿಸಿಕೊಳ್ಳಿ, ಖಾರ ಜಾಸ್ತಿ ಹಾಕಿಸಿ, ಹೇಗೂ ಬೇಕಾಗುತ್ತದೆ.